ಗೋಪುರ ನೋಡಿದವರು ಪೂಜೆಗೂ ಕೂರಲಿ: ಮೈಸೂರಿನ ಸಂತ ಫಿಲೋಮಿನಾ ದೇವಾಲಯ

ಮೈಸೂರಿಗೆ ಪ್ರವಾಸ ಬಂದವರ ಪಟ್ಟಿಯಲ್ಲಿ ಅರಮನೆ, ಚಾಮುಂಡಿ ಬೆಟ್ಟ, ಮೃಗಾಲಯಗಳ ಜೊತೆಗೆ ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚು ಇದ್ದೇ ಇರುತ್ತದೆ. ಬಸ್ಸು ನಿಲ್ಲುತ್ತದೆ, ಜನ ಇಳಿಯುತ್ತಾರೆ, 175 ಅಡಿ ಎತ್ತರದ ಜೋಡಿ ಗೋಪುರಗಳನ್ನು ಕತ್ತೆತ್ತಿ ನೋಡುತ್ತಾರೆ, ಬಣ್ಣದ ಗಾಜಿನ ಕಿಟಕಿಗಳ ಕೆಳಗೆ ಒಂದು ಸುತ್ತು ಹಾಕುತ್ತಾರೆ, ನೆಲಮಾಳಿಗೆಗೆ ಇಳಿದು ಸಂತಳ ಪ್ರತಿಮೆ ಕಂಡು ಮತ್ತೆ ಬಸ್ಸು ಹತ್ತುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಇಷ್ಟು ದೊಡ್ಡ ಕಟ್ಟಡವನ್ನು ಯಾವ ಕೆಲಸಕ್ಕೆಂದು ಕಟ್ಟಿದರೋ ಆ ಕೆಲಸ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಕ್ರೈಸ್ತರಲ್ಲದವರೂ ಒಂದು ಭಾನುವಾರ ಇಲ್ಲಿನ ಕನ್ನಡ ಬಲಿಪೂಜೆಗೆ (ಮಾಸ್) ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬರಬೇಕು ಎಂಬುದು ನನ್ನ ವಾದ. ಕಟ್ಟಡ ಅರ್ಥವಾಗುವುದಕ್ಕೆ ಅದಕ್ಕಿಂತ ಒಳ್ಳೆಯ ದಾರಿಯಿಲ್ಲ. ಅದಕ್ಕಿಂತ ಹೆಚ್ಚಾಗಿ, ಅಕ್ಕಪಕ್ಕದಲ್ಲೇ ಬದುಕುವ ಜನ ವಾರಕ್ಕೊಮ್ಮೆ ಯಾವ ಮಾತಿಗೆ ಏಳುತ್ತಾರೆ, ಯಾವ ಮಾತಿಗೆ ಮಂಡಿಯೂರುತ್ತಾರೆ ಎಂಬುದು ತಿಳಿಯದೆ ನೆರೆಹೊರೆ ಎನ್ನುವ ಮಾತಿಗೆ ತೂಕ ಬರುವುದಿಲ್ಲ.

ಮೊದಲಿಗೆ ಕಟ್ಟಡದ ಮಾತು. ಇದೇ ಜಾಗದಲ್ಲಿ 1843ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಒಂದು ಚರ್ಚು ಕಟ್ಟಿಸಿಕೊಟ್ಟಿದ್ದರು. 1926ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಹುಜೂರ್ ಕಾರ್ಯದರ್ಶಿಯಾಗಿದ್ದ ಸರ್ ಟಿ. ತಂಬೂ ಚೆಟ್ಟಿ ಅವರು ಫಿಲೋಮಿನಾ ಸಂತಳ ಪವಿತ್ರ ಅವಶೇಷವೊಂದನ್ನು ಪೋಪರ ಪ್ರತಿನಿಧಿಯಿಂದ ಪಡೆದು ತಂದರು. ಹೊಸ ದೇವಾಲಯದ ಯೋಚನೆ ಹುಟ್ಟಿದ್ದು ಅಲ್ಲಿಂದ. 1933ರ ಅಕ್ಟೋಬರ್ 28ರಂದು ಅಡಿಗಲ್ಲು ಹಾಕಿದವರು ನಾಲ್ವಡಿಯವರೇ. ನಕ್ಷೆ ಡಾಲಿ ಎಂಬ ಫ್ರೆಂಚ್ ವಾಸ್ತುಶಿಲ್ಪಿಯದು, ಮಾದರಿ ಜರ್ಮನಿಯ ಕಲೋನ್ ಪ್ರಧಾನಾಲಯದ್ದು. ಮೇಲಿನಿಂದ ನೋಡಿದರೆ ಇಡೀ ಕಟ್ಟಡ ಶಿಲುಬೆಯ ಆಕಾರದಲ್ಲಿದೆ. ಶಿಲುಬೆಯ ಉದ್ದನೆಯ ಕಂಬವೇ ಸುಮಾರು 800 ಜನ ಕೂರುವ ಸಭಾಂಗಣ, ಅದರ ತುದಿಯಲ್ಲಿ ಬಲಿಪೀಠ. ಖಾಲಿ ಹೊತ್ತಿನಲ್ಲಿ ಇದು ಬರಿಯ ನಕ್ಷೆಯ ಚಮತ್ಕಾರದಂತೆ ಕಾಣುತ್ತದೆ. ಪೂಜೆ ಶುರುವಾಗುವಾಗ ಜನ ಎದ್ದು ನಿಂತು ಹಾಡುತ್ತಿರಲು, ಗುರುಗಳು ಮತ್ತು ಪೀಠಸೇವಕ ಮಕ್ಕಳು ಬಾಗಿಲ ಕಡೆಯಿಂದ ಆ ಉದ್ದ ಹಾದಿಯಲ್ಲಿ ಮೆರವಣಿಗೆಯಾಗಿ ಬಲಿಪೀಠದತ್ತ ನಡೆದುಹೋದಾಗ ಮಾತ್ರ ಹಾದಿ ಅಷ್ಟು ಉದ್ದ ಯಾಕೆಂದು ತಿಳಿಯುತ್ತದೆ. ಕಿಟಕಿಗಳ ಚಿತ್ರಗಳೂ ಹಾಗೆಯೇ. ಕ್ರಿಸ್ತನ ಜನನ, ಕಡೆಯ ಭೋಜನ, ಶಿಲುಬೆಯ ಮರಣ, ಪುನರುತ್ಥಾನ, ಸ್ವರ್ಗಾರೋಹಣ ಎಂದು ಗಾಜಿನ ಮೇಲೆ ಇರುವುದನ್ನೇ ಒಂದು ಗಂಟೆಯ ಪೂಜೆಯಲ್ಲಿ ಜನ ಬಾಯಿಬಿಟ್ಟು ಹೇಳುತ್ತಾರೆ.

ಹೊಸಬರಲ್ಲಿ ಹಲವರು ಇಲ್ಲಿ ಪೂಜೆ ಸಲ್ಲುವುದು ಫಿಲೋಮಿನಾಗೆ ಎಂದುಕೊಂಡಿರುತ್ತಾರೆ. ಅಲ್ಲ. 1802ರಲ್ಲಿ ರೋಮಿನ ಪ್ರಿಸ್ಸಿಲಾ ನೆಲಗೋರಿಯಲ್ಲಿ ಸಿಕ್ಕ ಮೂಳೆಗಳಿಂದ ಆರಂಭವಾದ ಭಕ್ತಿ ಅದು. ಆಕೆಯ ಬದುಕಿನ ಬಗ್ಗೆ ಗಟ್ಟಿಯಾದ ಚಾರಿತ್ರಿಕ ದಾಖಲೆಯಿಲ್ಲದ ಕಾರಣ 1961ರಲ್ಲಿ ವ್ಯಾಟಿಕನ್ ಆಕೆಯ ಹಬ್ಬವನ್ನು ಪಂಚಾಂಗದಿಂದ ತೆಗೆಯಿತು. ಜನರ ಪ್ರೀತಿ ಅದರಿಂದ ಕುಂದಲಿಲ್ಲ, ನೆಲಮಾಳಿಗೆಯಲ್ಲಿ ಮೇಣದಬತ್ತಿ ಹಚ್ಚುವವರು ಇಂದಿಗೂ ಇದ್ದಾರೆ. ಆದರೆ ಬಲಿಪೂಜೆ ಸಲ್ಲುವುದು ದೇವರೊಬ್ಬನಿಗೇ. ಸಂತರನ್ನು ನೆನೆಯುತ್ತಾರೆ, ನಮಗಾಗಿ ಪ್ರಾರ್ಥಿಸಿ ಎಂದು ಕೇಳಿಕೊಳ್ಳುತ್ತಾರೆ, ಅಷ್ಟೇ. ದೇವಾಲಯದ ಪೂರ್ಣ ಹೆಸರಿನಲ್ಲಿ ಸಂತ ಜೋಸೆಫರ ಹೆಸರೂ ಇದೆ. ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗು ಜಿಲ್ಲೆಗಳನ್ನೊಳಗೊಂಡ ಮೈಸೂರು ಧರ್ಮಕ್ಷೇತ್ರದ ಧರ್ಮಾಧ್ಯಕ್ಷರ (ಬಿಷಪ್) ಪೀಠ ಇಲ್ಲಿರುವುದರಿಂದಲೇ ಇದಕ್ಕೆ ಪ್ರಧಾನಾಲಯ ಎಂಬ ಸ್ಥಾನ.

ಇನ್ನು ಪೂಜೆ. ನಮ್ಮ ಗುಡಿಗಳ ಅಭ್ಯಾಸದಿಂದ ಬಂದವರಿಗೆ ಮೊದಲು ಬೇರೆಯೆನಿಸುವುದು ಹೊತ್ತಿನ ಶಿಸ್ತು. ದರ್ಶನಕ್ಕೆ ಬಂದಂತೆ ಬಂದು, ಕೈಮುಗಿದು, ಹೊರಡುವ ಕ್ರಮ ಇಲ್ಲಿಯದಲ್ಲ. ಎಲ್ಲರೂ ಒಟ್ಟಿಗೆ ಆರಂಭಿಸಿ ಒಟ್ಟಿಗೆ ಮುಗಿಸುತ್ತಾರೆ. ಭಾನುವಾರವಾದರೆ ಹೆಚ್ಚುಕಡಿಮೆ ಒಂದು ಗಂಟೆ, ವಾರದ ದಿನಗಳಲ್ಲಿ ಅರ್ಧ ಗಂಟೆ. ಬಾಗಿಲ ಬಳಿ ಪವಿತ್ರ ಜಲದಲ್ಲಿ ಬೆರಳದ್ದಿ ಶಿಲುಬೆಯ ಗುರುತು ಮಾಡಿಕೊಳ್ಳುವುದು, ಬೆಂಚಿಗೆ ಸರಿಯುವ ಮುನ್ನ ಒಂದು ಮಂಡಿಯೂರಿ ವಂದಿಸುವುದು ವಿಶ್ವಾಸಿಗಳ ರೂಢಿ. ಅತಿಥಿಗಳಿಗೆ ಅದರ ಕಟ್ಟುಪಾಡಿಲ್ಲ. ಮೊದಲು ಬರುವುದು ಸ್ತುತಿಯಲ್ಲ, ಪಾಪನಿವೇದನೆ. ಪೂಜೆ ನಡೆಸುವ ಗುರುಗಳು, ಮುಂದಿನ ಸಾಲಿನ ಶ್ರೀಮಂತರು, ಹಿಂದೆ ನಿಂತ ಕೂಲಿಯವರು ಎಲ್ಲರೂ ಒಂದೇ ದನಿಯಲ್ಲಿ, ಮನಸ್ಸಿನಲ್ಲಿ, ಮಾತಿನಲ್ಲಿ, ಕೃತಿಯಲ್ಲಿ ತಪ್ಪಿದ್ದೇವೆ ಎಂದು ಎದೆಗೆ ಕೈ ಬಡಿದುಕೊಂಡು ಒಪ್ಪಿಕೊಳ್ಳುತ್ತಾರೆ. ಧರ್ಮಗುರು ತನ್ನ ಜನರ ಎದುರೇ, ಅವರ ಜೊತೆಗೇ ತಪ್ಪೊಪ್ಪಿಕೊಳ್ಳುವ ಈ ಕೆಲವು ಕ್ಷಣಗಳು ಇಡೀ ಆರಾಧನೆಯಲ್ಲಿ ನನಗೆ ಬಹಳ ಮುಖ್ಯವೆನಿಸುತ್ತವೆ.

ಅನಂತರ ಎಲ್ಲರೂ ಕೂತು ಕೇಳುವ ಭಾಗ. ಹಳೆಯ ಒಡಂಬಡಿಕೆಯಿಂದ ಒಂದು ವಾಚನ, ಅದಕ್ಕೆ ಉತ್ತರವಾಗಿ ಕೀರ್ತನೆ, ಪ್ರೇಷಿತರ ಪತ್ರಗಳಿಂದ ಇನ್ನೊಂದು ವಾಚನ. ಇವನ್ನು ಓದುವವರು ಗುರುಗಳಲ್ಲ, ಸಭೆಯೊಳಗಿಂದಲೇ ಎದ್ದು ಬಂದ ಗೃಹಿಣಿ, ವಿದ್ಯಾರ್ಥಿ, ನಿವೃತ್ತ ನೌಕರ. ಕ್ರಿಸ್ತನ ಬದುಕು, ಮಾತುಗಳಿರುವ ಶುಭಸಂದೇಶದ ಸರದಿ ಬಂದಾಗ ಮಾತ್ರ ಎಲ್ಲರೂ ಎದ್ದು ನಿಂತು, ಹಣೆ, ತುಟಿ, ಎದೆಯ ಮೇಲೆ ಬೆರಳಿನಿಂದ ಪುಟ್ಟ ಶಿಲುಬೆ ಬರೆದುಕೊಳ್ಳುತ್ತಾರೆ. ಯಾವ ಭಾಗ ಓದಬೇಕೆಂಬುದು ಗುರುಗಳ ಇಷ್ಟಕ್ಕೆ ಬಿಟ್ಟದ್ದಲ್ಲ. ಭಾನುವಾರಗಳ ವಾಚನಗಳು ಮೂರು ವರ್ಷದ ಸುತ್ತಿನಲ್ಲಿ ನಿಗದಿಯಾಗಿವೆ. ಅಂದು ಮೈಸೂರಿನಲ್ಲಿ ಓದಿದ್ದನ್ನೇ ಅದೇ ದಿನ ಲೋಕದ ಇತರ ರೋಮನ್ ಕಥೋಲಿಕ ದೇವಾಲಯಗಳಲ್ಲೂ ಆಯಾ ಭಾಷೆಯಲ್ಲಿ ಓದುತ್ತಾರೆ. ಗುರುಗಳ ಪ್ರಬೋಧನೆ, ನಂಬಿಕೆಯನ್ನು ಎಲ್ಲರೂ ಒಟ್ಟಿಗೆ ಹೇಳುವ ವಿಶ್ವಾಸ ಸಂಗ್ರಹ ಮುಗಿದ ಮೇಲೆ ವಿಶ್ವಾಸಿಗಳ ಪ್ರಾರ್ಥನೆ. ಇದರಲ್ಲಿ ನಾಡನ್ನು ಆಳುವವರು, ರೋಗಿಗಳು, ಬಡವರು, ಸತ್ತವರು ಎಲ್ಲರಿಗೂ ಪಾಲುಂಟು. ನಡುವೆ ಕಾಣಿಕೆಯ ಚೀಲ ಬರುತ್ತದೆ. ಹಾಕದಿದ್ದರೆ ಯಾರೂ ತಿರುಗಿ ನೋಡುವುದಿಲ್ಲ.

ಮೊದಲ ಸಲ ಬಂದವರಿಗೆ ನೋವಾಗಬಹುದಾದ ಜಾಗ ಇದರ ನಂತರ ಬರುತ್ತದೆ. ರೊಟ್ಟಿ ಮತ್ತು ದ್ರಾಕ್ಷಾರಸದ ಮೇಲೆ ಗುರುಗಳು ಕಡೆಯ ಭೋಜನದ ಮಾತುಗಳನ್ನಾಡುತ್ತಾರೆ, ಗಂಟೆ ಮೊಳಗುತ್ತದೆ, ಸಭೆ ಮಂಡಿಯೂರುತ್ತದೆ. ಆಮೇಲೆ ಜನ ಸಾಲಾಗಿ ಹೋಗಿ ಪರಮಪ್ರಸಾದ ಸ್ವೀಕರಿಸುತ್ತಾರೆ. ಅದು ಅತಿಥಿಗೆ ಸಿಗುವುದಿಲ್ಲ. ಬಂದವರಿಗೆಲ್ಲ ಪ್ರಸಾದ ಹಂಚುವುದನ್ನು ಕಂಡು ಬೆಳೆದ ನಮಗೆ, ಕರೆದು ಕೂರಿಸಿ ಎಲೆ ಹಾಕದಂತೆ ಇದು ತೋರಬಹುದು. ಪ್ರೀತಿಯ ಮಾತಾಡುವ ಧರ್ಮದಲ್ಲಿ ಈ ಬೇಲಿ ಏಕೆ ಎಂಬ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕಥೋಲಿಕರ ನಂಬಿಕೆಯಲ್ಲಿ ಆ ರೊಟ್ಟಿ ಇನ್ನು ರೊಟ್ಟಿಯಾಗಿ ಉಳಿದಿಲ್ಲ, ಅದು ಕ್ರಿಸ್ತನ ಶರೀರವೇ ಆಗಿದೆ. ಅದನ್ನು ಸ್ವೀಕರಿಸುವುದೆಂದರೆ ಈ ನಂಬಿಕೆಗೆ ಎಲ್ಲರೆದುರು ಹೌದೆನ್ನುವುದು. ನಂಬದವರ ಬಾಯಲ್ಲಿ ಆ ಹೌದನ್ನು ಹೇಳಿಸುವುದು ಅವರಿಗೂ ಮರ್ಯಾದೆಯಲ್ಲ, ಆ ನಂಬಿಕೆಗೂ ಅಲ್ಲ. ಮೇಲಾಗಿ ಈ ಗೆರೆ ಅನ್ಯಧರ್ಮೀಯರಿಗೆಂದೇ ಎಳೆದದ್ದಲ್ಲ. ಪ್ರಥಮ ಪರಮಪ್ರಸಾದ ಸ್ವೀಕರಿಸದ ಕಥೋಲಿಕ ಮಕ್ಕಳೂ, ಗಂಭೀರ ಪಾಪ ಮಾಡಿ ಇನ್ನೂ ನಿವೇದಿಸಿಕೊಳ್ಳದ ಕಥೋಲಿಕರೂ, ಸಾಮಾನ್ಯವಾಗಿ ಪ್ರೊಟೆಸ್ಟೆಂಟ್ ಕ್ರೈಸ್ತರೂ ಇದೇ ಗೆರೆಯ ಈಚೆ ಕೂರುತ್ತಾರೆ. ಆ ಹೊತ್ತಿನಲ್ಲಿ ಬೆಂಚಿನಲ್ಲೇ ಉಳಿದವರು ನೀವೊಬ್ಬರೇ ಆಗಿರುವುದು ಅಪರೂಪ. ಗೊತ್ತಿಲ್ಲದೆ ಸಾಲಿಗೆ ಸೇರಿದ್ದರೆ ಗುರುಗಳಿಗೆ ಮೆಲ್ಲಗೆ ಹೇಳಿ. ಕೈಗೆ ತೆಗೆದುಕೊಂಡು ಜೇಬಿಗೋ ಚೀಲಕ್ಕೋ ಹಾಕಿಕೊಳ್ಳುವುದು ಮಾತ್ರ ಕಥೋಲಿಕರ ಪಾಲಿಗೆ ಬಹಳ ನೋವಿನ ಅಪಚಾರ.

ಇನ್ನೊಂದು ಆಕ್ಷೇಪಣೆ ಮತಾಂತರದ್ದು. ಆ ಮಾತು ನಮ್ಮ ರಾಜ್ಯದಲ್ಲಿ ಕಾವೇರಿರುವ ಈ ದಿನಗಳಲ್ಲಿ ಚರ್ಚಿನ ಪೂಜೆಗೆ ಹೋಗಿಬನ್ನಿ ಎನ್ನುವುದೇ ಕೆಲವರಿಗೆ ಅನುಮಾನ ಹುಟ್ಟಿಸಬಹುದು. ಧರ್ಮಸಭೆ ತನ್ನ ಸಂದೇಶ ಸತ್ಯವೆಂದು ನಂಬುತ್ತದೆ, ಅದನ್ನು ಸಾರುವುದು ತನ್ನ ಕರ್ತವ್ಯವೆಂದೂ ನಂಬುತ್ತದೆ. ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಬಲಿಪೂಜೆ ಈಗಾಗಲೇ ನಂಬುವವರ ಆರಾಧನೆ. ಅದರ ನಡುವೆ ಹೊಸಬರನ್ನು ಮುಂದೆ ಕರೆದು ಒಪ್ಪಿಗೆ ಕೇಳುವ ಘಟ್ಟವೇ ಇಲ್ಲ. ವಯಸ್ಕರು ಜ್ಞಾನಸ್ನಾನ ಪಡೆದು ಕ್ರೈಸ್ತರಾಗಬೇಕೆಂದರೆ ತಿಂಗಳುಗಟ್ಟಲೆ, ಎಷ್ಟೋ ಕಡೆ ವರ್ಷದ ಮೇಲೂ ಕಲಿಕೆ ನಡೆಯಬೇಕು. ಯಾರನ್ನೂ ಅವರ ಅಂತಃಸಾಕ್ಷಿಗೆ ವಿರುದ್ಧವಾಗಿ ಬಲವಂತದಿಂದ ಒಳತರುವ ಹಕ್ಕು ಯಾರಿಗೂ ಇಲ್ಲ ಎಂದು 1983ರ ಕಥೋಲಿಕ ಧರ್ಮಸಂಹಿತೆ ಹೇಳುತ್ತದೆ. ಒಂದು ಗಂಟೆ ಕೂತು ಕೇಳಿದ ಮಾತ್ರಕ್ಕೆ ಅಲುಗಿಹೋಗುವಷ್ಟು ಸಡಿಲ ನಮ್ಮ ನಮ್ಮ ಶ್ರದ್ಧೆ ಎಂದು ಭಾವಿಸುವುದು ಆ ಶ್ರದ್ಧೆಗೇ ಮಾಡುವ ಅನ್ಯಾಯ. ನಂಬದೆ ಬರಿದೆ ನೋಡುತ್ತ ಕೂರುವುದು ಅವರ ದೇವರಿಗೆ ಅಗೌರವವಲ್ಲವೇ ಎಂದು ಕೇಳುವ ಸೂಕ್ಷ್ಮ ಮನಸ್ಸಿನವರೂ ಇದ್ದಾರೆ. ಎದ್ದಾಗ ಏಳಿ, ಕೂತಾಗ ಕೂರಿ, ಮಂಡಿಯೂರಲು ಮನಸ್ಸಿಲ್ಲದಿದ್ದರೆ ಸುಮ್ಮನೆ ಕೂತಿರಿ. ನಂಬದ ಮಾತನ್ನು ನುಡಿಯದೆ ಮೌನವಾಗಿರುವುದೇ ಅಲ್ಲಿ ಪ್ರಾಮಾಣಿಕವಾದ ಗೌರವ.

ಇದೆಲ್ಲ ಪರದೇಶದ್ದಲ್ಲವೇ ಎಂಬ ಮಾತಿಗೂ ಉತ್ತರ ಈ ಛಾವಣಿಯ ಕೆಳಗೇ ಇದೆ. ಅಡಿಗಲ್ಲು ಬಿದ್ದಾಗ ಇಲ್ಲಿನ ಪೂಜೆ ಲ್ಯಾಟಿನ್ ಭಾಷೆಯದು, ಗುರುಗಳು ಜನರಂತೆಯೇ ಬಲಿಪೀಠದತ್ತ ಮುಖಮಾಡಿ ನಿಲ್ಲುತ್ತಿದ್ದರು. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಜನಭಾಷೆಗೆ ಬಾಗಿಲು ತೆರೆಯಿತು. ಗುರುಗಳು ಸಭೆಯತ್ತ ತಿರುಗಿದರು, ಪೂಜೆ ಕನ್ನಡದಲ್ಲಿ ನಡೆಯತೊಡಗಿತು. 1969ರಲ್ಲಿ ಭಾರತಕ್ಕೆಂದೇ ಹನ್ನೆರಡು ಮಾರ್ಪಾಡುಗಳಿಗೆ ರೋಮ್ ಒಪ್ಪಿಗೆ ಕೊಟ್ಟಿತು. ಆರತಿ, ದೀಪ, ಪಾದರಕ್ಷೆ ಕಳಚುವುದು, ಪಂಚಾಂಗ ಪ್ರಣಾಮ ಬಂದದ್ದು ಹೀಗೆ. ಈ ಮಾರ್ಪಾಡುಗಳಂತೆಯೇ, ಪೂಜೆಯ ನಡುವೆ ಶಾಂತಿ ಕೋರುವ ಹೊತ್ತಿನಲ್ಲಿ ಪಕ್ಕದವರು ನಿಮ್ಮತ್ತ ತಿರುಗಿ ಕೈಜೋಡಿಸುತ್ತಾರೆ. ಆಗ ನೀವೂ ಕೈಮುಗಿಯಬೇಕು, ಅತಿಥಿಯಿಂದ ನೇರವಾಗಿ ಏನಾದರೂ ನಿರೀಕ್ಷಿಸುವುದಿದ್ದರೆ ಇದೊಂದೇ. ಈ ಬದಲಾವಣೆಗಳ ಹಿಂದೆ ದುಡಿದವರಲ್ಲಿ ಮುಖ್ಯರು ಫಾದರ್ ಡಿ.ಎಸ್. ಅಮಲೋರ್ಪವದಾಸ್. ಮೈಸೂರು ವಿಶ್ವವಿದ್ಯಾನಿಲಯದ ಕ್ರೈಸ್ತಧರ್ಮ ಅಧ್ಯಯನ ವಿಭಾಗ, ಚಾಮುಂಡಿ ಬೆಟ್ಟದ ತಪ್ಪಲಿನ ಅಂಜಲಿ ಆಶ್ರಮ ಎರಡನ್ನೂ ಕಟ್ಟಿದವರು ಅವರೇ. ಈ ಬದಲಾವಣೆಗಳಿಗೆ ಕಥೋಲಿಕರೊಳಗೇ ವಿರೋಧವಿತ್ತು, ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡದ ಸ್ಥಾನಕ್ಕಾಗಿ ದೀರ್ಘ ಹೋರಾಟವೂ ನಡೆದಿದೆ. ಅಂದರೆ ಇವತ್ತು ಕಿವಿಗೆ ಬೀಳುವ ಕನ್ನಡ ಪೂಜೆ ತಾನಾಗಿ ಒದಗಿದ್ದಲ್ಲ, ಜನ ಬೇಕೆಂದು ದುಡಿದು ಪಡೆದದ್ದು. ಗೋಪುರಗಳ ಮಾದರಿ ಕಲೋನಿನದು ಎಂಬುದು ಎಷ್ಟು ನಿಜವೋ, ಅದರೊಳಗಿನ ಪ್ರಾರ್ಥನೆ ಮಂಡ್ಯ, ಕೊಳ್ಳೇಗಾಲದ ಕಡೆಯ ಜನರ ಮನೆಮಾತಿನಲ್ಲಿದೆ ಎಂಬುದೂ ಅಷ್ಟೇ ನಿಜ.

ಇಲ್ಲಿ ಹೇಳಿದ್ದು ಕಥೋಲಿಕ ಕ್ರಮ. ಇದೇ ಊರಿನ ಪ್ರೊಟೆಸ್ಟೆಂಟ್ ಸಿಎಸ್‌ಐ ಸಭೆಯ ವೆಸ್ಲಿ ಪ್ರಧಾನಾಲಯಕ್ಕೆ ಹೋದರೆ ವಾಚನ, ಪ್ರಸಂಗ, ಗೀತೆಗಳಿಗೆ ಹೆಚ್ಚು ಹೊತ್ತು ಸಿಗುತ್ತದೆ, ಪ್ರತಿಮೆಗಳು ಕಡಿಮೆ. ಪೆಂತೆಕೊಸ್ತ್ ಸಭೆಗಳ ರೀತಿ ಮತ್ತೂ ಬೇರೆ.

ಮೊದಲ ಸಲ ಹೋಗುವವರು ಕ್ರಿಸ್ಮಸ್ ರಾತ್ರಿಯನ್ನಾಗಲಿ ಪಾಸ್ಕ (ಈಸ್ಟರ್) ಹಬ್ಬವನ್ನಾಗಲಿ ಆರಿಸಿಕೊಳ್ಳಬೇಡಿ, ಅಂದಿನ ಜನಸಂದಣಿಯಲ್ಲಿ ಏನೂ ಕಾಣುವುದಿಲ್ಲ. ಗುರುಗಳು ಹಸಿರು ಬಣ್ಣದ ಪೂಜಾವಸ್ತ್ರ ಧರಿಸುವ ಸಾಧಾರಣ ಕಾಲದ ಯಾವುದಾದರೂ ಭಾನುವಾರ ಒಳ್ಳೆಯದು. ಕನ್ನಡ ಪೂಜೆಯ ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳಿ. ಮೈತುಂಬ ಬಟ್ಟೆ ತೊಟ್ಟು, ಹತ್ತು ನಿಮಿಷ ಮುಂಚೆ ಹೋಗಿ, ಫೋನು ಆರಿಸಿ, ಮುಂದಿನವರು ಏಳುವುದು ಕೂರುವುದು ಕಾಣುವಂತೆ ಹಿಂದಿನ ಬೆಂಚಿನಲ್ಲಿ ಕೂರಿ. ಗೊತ್ತಾಗದಿದ್ದರೆ ಪಕ್ಕದವರನ್ನು ಕೇಳಿ, ಹೇಳಿಕೊಡುತ್ತಾರೆ. ಗುರುಗಳ ಕಡೆಯ ಆಶೀರ್ವಾದ ಮುಗಿಯುವ ತನಕ ದಯವಿಟ್ಟು ಎದ್ದು ಹೋಗಬೇಡಿ.