ದಕ್ಷಿಣ ಬೆಂಗಳೂರಿನಲ್ಲಿ ತ್ವರಿತಗತಿಯ ಫ್ರೆಂಚ್ ಕಲಿಕೆ

ತ್ವರಿತಗತಿಯ ಫ್ರೆಂಚ್ ಕಲಿಕೆ ಎಂದರೆ ಓದಿನಲ್ಲಿ ವಿಶೇಷ ಸಾಮರ್ಥ್ಯವುಳ್ಳ ಶಾಲಾ ವಿದ್ಯಾರ್ಥಿಗಳು ಫ್ರೆಂಚ್ ಭಾಷೆಯನ್ನು ಸಾಮಾನ್ಯ ತರಗತಿಯ ವೇಗಕ್ಕಿಂತ ಬೇಗ ಕಲಿಯುವ ಕ್ರಮ. ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆ ಮೊದಲಾದ ದಕ್ಷಿಣ ಭಾಗದ ಪ್ರದೇಶಗಳಲ್ಲಿ ಇದು ಶಾಲೆಯ ಭಾಷಾ ವಿಷಯವಾಗಿ, ಖಾಸಗಿ ಪಾಠವಾಗಿ ಹಾಗೂ 'ಡೆಲ್ಫ್' ಎಂಬ ಅಂತರರಾಷ್ಟ್ರೀಯ ಪರೀಕ್ಷೆಯ ಸಿದ್ಧತೆಯಾಗಿ ನಡೆಯುತ್ತದೆ. ಶಾಲೆಯ ಅಂಕಪಟ್ಟಿ ಮತ್ತು ಭಾಷೆಯ ನಿಜವಾದ ಬಳಕೆಯ ಸಾಮರ್ಥ್ಯ ಎರಡು ಬೇರೆ ಅಳತೆಗಳಾಗಿರುವುದರಿಂದ, ವಿದ್ಯಾರ್ಥಿಯ ಗುರಿ ಯಾವುದು ಎಂಬುದರ ಮೇಲೆ ಕಲಿಕೆಯ ಸ್ವರೂಪ ನಿರ್ಧಾರವಾಗುತ್ತದೆ.

ಪರಿಕಲ್ಪನೆ

ಪ್ರತಿಭಾವಂತ ಮಕ್ಕಳಿಗೆ ಪಠ್ಯವನ್ನು ವೇಗವಾಗಿ ಬೋಧಿಸುವ ಆಧುನಿಕ ಪದ್ಧತಿಗೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೂಲಿಯನ್ ಸ್ಟ್ಯಾನ್ಲಿ 1971ರಲ್ಲಿ ಆರಂಭಿಸಿದ ಗಣಿತ ಪ್ರತಿಭೆಯ ಅಧ್ಯಯನವು ಮುಖ್ಯ ಆಧಾರವಾಯಿತು. ಮೊದಲು ಪರೀಕ್ಷಿಸಿ ವಿದ್ಯಾರ್ಥಿಗೆ ಈಗಾಗಲೇ ಏನು ತಿಳಿದಿದೆ ಎಂಬುದನ್ನು ಗುರುತಿಸುವುದು, ಬಳಿಕ ತಿಳಿಯದ ಭಾಗವನ್ನು ಮಾತ್ರ ಬೋಧಿಸುವುದು ಇದರ ತಿರುಳು. 2004ರಲ್ಲಿ ಪ್ರಕಟವಾದ 'ಎ ನೇಷನ್ ಡಿಸೀವ್ಡ್' ವರದಿಯು ಇಂತಹ 18 ವಿಧಾನಗಳನ್ನು ಪಟ್ಟಿಮಾಡಿತು. ತರಗತಿಯನ್ನು ದಾಟಿಸುವುದು ಅವುಗಳಲ್ಲಿ ಒಂದು ಮಾತ್ರ. ಒಂದೇ ವಿಷಯದಲ್ಲಿ ಮುಂದಿನ ಹಂತಕ್ಕೆ ಕಳುಹಿಸುವುದು, ಪಠ್ಯವನ್ನು ಅಡಕಗೊಳಿಸುವುದು ಇತರ ವಿಧಾನಗಳು. ಭಾಷಾ ಕಲಿಕೆಗೆ ಹೆಚ್ಚು ಹೊಂದುವುದು ಈ ಕೊನೆಯ ಎರಡು.

ಭಾರತದಲ್ಲಿ ಈ ಕ್ಷೇತ್ರದ ಸಂಶೋಧನೆಗೆ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯು 2010ರ ದಶಕದಲ್ಲಿ ಪ್ರತಿಭಾವಂತ ಮಕ್ಕಳ ಶಿಕ್ಷಣ ಕಾರ್ಯಕ್ರಮದ ಮೂಲಕ ಕೊಡುಗೆ ನೀಡಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ವಿಶೇಷ ಪ್ರತಿಭೆಯುಳ್ಳ ವಿದ್ಯಾರ್ಥಿಗಳಿಗೆ ಪ್ರೋತ್ಸಾಹ ನೀಡಬೇಕೆಂದು ಹೇಳುತ್ತದೆ.

ಶಾಲಾ ಪಠ್ಯಕ್ರಮದಲ್ಲಿ ಫ್ರೆಂಚ್

ಸಿಬಿಎಸ್‌ಇ ಮತ್ತು ಐಸಿಎಸ್‌ಇ ಮಂಡಳಿಗಳ ಪಠ್ಯಕ್ರಮದಲ್ಲಿ ಫ್ರೆಂಚ್ ಭಾಷೆಯ ಆಯ್ಕೆಯಿದೆ. ಇಂಟರ್‌ನ್ಯಾಷನಲ್ ಬ್ಯಾಕಲೌರಿಯೇಟ್ ಡಿಪ್ಲೊಮಾದಲ್ಲಿ ಹೊಸದಾಗಿ ಕಲಿಯುವವರಿಗೆ 'ಅಬ್ ಇನಿಶಿಯೊ', ಮೊದಲೇ ಪರಿಚಯವಿರುವವರಿಗೆ 'ಲ್ಯಾಂಗ್ವೇಜ್ ಬಿ' ಎಂಬ ಪ್ರತ್ಯೇಕ ಪಾಠಕ್ರಮಗಳಿವೆ. ಕರ್ನಾಟಕ ರಾಜ್ಯ ಪಠ್ಯಕ್ರಮದ ಎಸ್‌ಎಸ್‌ಎಲ್‌ಸಿ ಭಾಷೆಗಳ ಪಟ್ಟಿಯಲ್ಲಿ ಫ್ರೆಂಚ್ ಇಲ್ಲ. ಪದವಿಪೂರ್ವ ಶಿಕ್ಷಣದ ಭಾಷೆಗಳ ಪಟ್ಟಿಯಲ್ಲಿದೆ. ಹೀಗಾಗಿ ರಾಜ್ಯ ಪಠ್ಯಕ್ರಮದ ವಿದ್ಯಾರ್ಥಿಗೆ ಫ್ರೆಂಚ್ ವಿಷಯವಾಗಿ ದೊರೆಯುವುದು ಪಿಯುಸಿಯ ಎರಡು ವರ್ಷಗಳಲ್ಲಿ, ಅದೂ ಅದನ್ನು ಬೋಧಿಸುವ ಕಾಲೇಜುಗಳಲ್ಲಿ ಮಾತ್ರ.

2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮವು ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಮೊದಲನೆಯ ಅಥವಾ ಎರಡನೆಯ ಭಾಷೆಯಾಗಿ ಹಂತಹಂತವಾಗಿ ಕಡ್ಡಾಯಗೊಳಿಸಿತು. 2020ರ ಶಿಕ್ಷಣ ನೀತಿಯು ಮೂರು ಭಾಷೆಗಳಲ್ಲಿ ಕನಿಷ್ಠ ಎರಡು ಭಾರತೀಯ ಭಾಷೆಗಳಾಗಿರಬೇಕು ಎನ್ನುತ್ತದೆ. ಪ್ರೌಢ ಹಂತದಲ್ಲಿ ಕಲಿಯಬಹುದಾದ ವಿದೇಶಿ ಭಾಷೆಗಳಲ್ಲಿ ಫ್ರೆಂಚನ್ನೂ ಹೆಸರಿಸುತ್ತದೆ. ಕನ್ನಡ ಮತ್ತು ಇಂಗ್ಲಿಷ್ ಎರಡು ಸ್ಥಾನಗಳನ್ನು ಪಡೆದಲ್ಲಿ ಫ್ರೆಂಚ್ ಮೂರನೆಯ ಸ್ಥಾನಕ್ಕಾಗಿ ಹಿಂದಿ ಮತ್ತು ಸಂಸ್ಕೃತದೊಡನೆ ಸ್ಪರ್ಧಿಸುತ್ತದೆ, ಇಲ್ಲವೇ ಶಾಲಾ ಸಮಯದ ಹೊರಗೆ ಉಳಿಯುತ್ತದೆ.

ಮಟ್ಟಗಳು ಮತ್ತು ಕಾಲಾವಧಿ

ಕೌನ್ಸಿಲ್ ಆಫ್ ಯೂರೋಪ್ 2001ರಲ್ಲಿ ಪ್ರಕಟಿಸಿದ ಸಾಮಾನ್ಯ ಚೌಕಟ್ಟು ಭಾಷಾ ಸಾಮರ್ಥ್ಯವನ್ನು ಎ1ರಿಂದ ಸಿ2ರವರೆಗೆ ಆರು ಮಟ್ಟಗಳಾಗಿ ವಿಂಗಡಿಸುತ್ತದೆ. ಆರಂಭದಿಂದ ಲೆಕ್ಕ ಹಾಕಿದರೆ ಎ1ಕ್ಕೆ ಸುಮಾರು 60ರಿಂದ 100, ಎ2ಕ್ಕೆ 160ರಿಂದ 200, ಬಿ1ಕ್ಕೆ 360ರಿಂದ 400, ಬಿ2ಕ್ಕೆ 560ರಿಂದ 650 ಗಂಟೆಗಳ ಬೋಧನೆ ಬೇಕೆಂದು ಸಾಮಾನ್ಯವಾಗಿ ಅಂದಾಜಿಸಲಾಗುತ್ತದೆ.

ಶಾಲೆಯಲ್ಲಿ ವಾರಕ್ಕೆ 40 ನಿಮಿಷಗಳ ಮೂರು ಅವಧಿಗಳಿದ್ದು, ವರ್ಷಕ್ಕೆ 35 ವಾರ ಪಾಠ ನಡೆದರೆ ಒಟ್ಟು 70 ಗಂಟೆಗಳಾಗುತ್ತವೆ. ಆರನೆಯ ತರಗತಿಯಿಂದ ಹತ್ತನೆಯವರೆಗೆ ಐದು ವರ್ಷ ಕಲಿತರೂ 350 ಗಂಟೆಗಳಷ್ಟೇ. ಅಂದರೆ ಬಿ1 ಮಟ್ಟದ ಹೊಸ್ತಿಲು. ವಾರಕ್ಕೆ ಆರು ಗಂಟೆಯಂತೆ 40 ವಾರ ಕಲಿಯುವ ವಿದ್ಯಾರ್ಥಿಗೆ ಒಂದೇ ವರ್ಷದಲ್ಲಿ 240 ಗಂಟೆಗಳು ದೊರೆತು, ಎ2 ಮಟ್ಟ ದಾಟುವುದು ಸಾಧ್ಯವಾಗುತ್ತದೆ. ಆದ್ದರಿಂದ ತ್ವರಿತ ಕಲಿಕೆಯ ಯಶಸ್ಸು ಬುದ್ಧಿಶಕ್ತಿಯಷ್ಟೇ ಬೋಧನಾ ಗಂಟೆಗಳ ಸಾಂದ್ರತೆಯನ್ನೂ ಅವಲಂಬಿಸಿದೆ.

ಡೆಲ್ಫ್ ಪರೀಕ್ಷೆ

ಫ್ರಾನ್ಸಿನ ಶಿಕ್ಷಣ ಸಚಿವಾಲಯದ ಪರವಾಗಿ ನೀಡಲಾಗುವ ಡೆಲ್ಫ್ ಪ್ರಮಾಣಪತ್ರವು ಎ1ರಿಂದ ಬಿ2ರವರೆಗಿನ ಮಟ್ಟಗಳಿಗೆ ಅನ್ವಯಿಸುತ್ತದೆ. ಮಕ್ಕಳಿಗೆ 'ಪ್ರಿಮ್', ಹದಿಹರೆಯದವರಿಗೆ 'ಜೂನಿಯರ್' ಎಂಬ ರೂಪಗಳಿವೆ. ಆಲಿಸುವುದು, ಓದುವುದು, ಬರೆಯುವುದು, ಮಾತನಾಡುವುದು ಇವುಗಳಿಗೆ ತಲಾ 25 ಅಂಕಗಳು. ಒಟ್ಟು 50 ಅಂಕ ಮತ್ತು ಪ್ರತಿ ವಿಭಾಗದಲ್ಲಿ ಕನಿಷ್ಠ 5 ಅಂಕ ಪಡೆದವರು ಉತ್ತೀರ್ಣರಾಗುತ್ತಾರೆ. ಪ್ರಮಾಣಪತ್ರಕ್ಕೆ ಅವಧಿಮಿತಿಯಿಲ್ಲ. ಕೆಳಗಿನ ಮಟ್ಟದ ಪರೀಕ್ಷೆ ಬರೆಯದೆ ನೇರವಾಗಿ ಮೇಲಿನ ಮಟ್ಟಕ್ಕೆ ಕೂರಬಹುದಾದ್ದರಿಂದ ವೇಗವಾಗಿ ಕಲಿಯುವವರಿಗೆ ಈ ವ್ಯವಸ್ಥೆ ಅನುಕೂಲಕರ. ನಗರದಲ್ಲಿ ವಸಂತನಗರದ ತಿಮ್ಮಯ್ಯ ರಸ್ತೆಯಲ್ಲಿರುವ ಅಲಿಯಾನ್ಸ್ ಫ್ರಾನ್ಸೇಸ್ ಸಂಸ್ಥೆಯು ಫ್ರೆಂಚ್ ಬೋಧನೆಯ ಜೊತೆಗೆ ಈ ಪರೀಕ್ಷೆಗಳನ್ನೂ ನಡೆಸುತ್ತದೆ.

ಕನ್ನಡ ಬಲ್ಲ ವಿದ್ಯಾರ್ಥಿಗಳ ಕಲಿಕೆ

ಕನ್ನಡ ಬಲ್ಲವರಿಗೆ ಫ್ರೆಂಚಿನ ಕೆಲವು ಅಂಶಗಳು ಅಪರಿಚಿತವಲ್ಲ. 'ನೀನು' ಮತ್ತು 'ನೀವು' ಎಂಬ ಭೇದವು ಅಲ್ಲಿ 'ತ್ಯು' ಮತ್ತು 'ವು' ಆಗಿದೆ. ಪುರುಷ, ವಚನಗಳಿಗೆ ತಕ್ಕಂತೆ ಕ್ರಿಯಾಪದ ಬದಲಾಗುವುದು ಎರಡೂ ಭಾಷೆಗಳ ಗುಣ. ಲಿಂಗ ವ್ಯವಸ್ಥೆ ಮಾತ್ರ ಬೇರೆ: ಕನ್ನಡದಲ್ಲಿ ಲಿಂಗವು ಹೆಚ್ಚಾಗಿ ಅರ್ಥವನ್ನು ಅನುಸರಿಸುತ್ತದೆ, ಫ್ರೆಂಚಿನಲ್ಲಿ ನಪುಂಸಕಲಿಂಗವಿಲ್ಲದೆ ಪುಸ್ತಕ ಪುಲ್ಲಿಂಗವಾಗಿ, ಮೇಜು ಸ್ತ್ರೀಲಿಂಗವಾಗಿ ಬರುತ್ತವೆ. ಹಿಂದಿ ಕಲಿತವರಿಗೆ ಇದು ಬೇಗ ಅರ್ಥವಾಗುತ್ತದೆ. ಬರೆದಂತೆ ಓದುವ ಲಿಪಿಗೆ ಒಗ್ಗಿದವರಿಗೆ ಪದಾಂತ್ಯದಲ್ಲಿ ಉಚ್ಚಾರವಾಗದ ವ್ಯಂಜನಗಳು ಹಾಗೂ ಅನುನಾಸಿಕ ಸ್ವರಗಳು ಕಷ್ಟವೆನಿಸುತ್ತವೆ. ಎಪ್ಪತ್ತನ್ನು 'ಅರವತ್ತು-ಹತ್ತು', ಎಂಬತ್ತನ್ನು 'ನಾಲ್ಕು ಇಪ್ಪತ್ತುಗಳು' ಎಂದು ಎಣಿಸುವ ಕ್ರಮಕ್ಕೂ ಅಭ್ಯಾಸ ಬೇಕು. ವ್ಯಾಕರಣವನ್ನು ಬೇಗ ಗ್ರಹಿಸುವ ವಿದ್ಯಾರ್ಥಿಗೂ ಆಲಿಸುವಿಕೆ ಮತ್ತು ಉಚ್ಚಾರಣೆಯಲ್ಲಿ ಅದೇ ವೇಗ ಬರುವುದಿಲ್ಲ. ಅವಕ್ಕೆ ಪುನರಾವರ್ತನೆ ಅನಿವಾರ್ಯ.

ಅಂಕ ಮತ್ತು ಸಾಮರ್ಥ್ಯ

ಸಂಸ್ಕೃತದಂತೆಯೇ ಫ್ರೆಂಚನ್ನೂ ಅನೇಕರು ಹೆಚ್ಚು ಅಂಕ ತರುವ ವಿಷಯವೆಂದು ಆಯ್ದುಕೊಳ್ಳುತ್ತಾರೆ. ಎಂಜಿನಿಯರಿಂಗ್ ಪ್ರವೇಶದ ಸಿಇಟಿ ರ‍್ಯಾಂಕಿಗೆ ಭಾಷಾ ವಿಷಯಗಳ ಅಂಕಗಳನ್ನು ಪರಿಗಣಿಸದಿರುವುದರಿಂದ, ಕಡಿಮೆ ಸಮಯ ಬೇಡುವ ಭಾಷೆಗೆ ಪಿಯುಸಿ ವಿಜ್ಞಾನ ವಿದ್ಯಾರ್ಥಿಗಳು ಒಲಿಯುವುದೂ ಉಂಟು. ಲಿಖಿತ ಪರೀಕ್ಷೆಯ ಪ್ರಶ್ನೋತ್ತರಗಳನ್ನು ಕಂಠಪಾಠ ಮಾಡಿ ಪಡೆದ ಅಂಕವು ಮಾತನಾಡುವ ಸಾಮರ್ಥ್ಯವನ್ನು ಸೂಚಿಸುವುದಿಲ್ಲ. ಫ್ರಾನ್ಸಿನಲ್ಲಿ ಫ್ರೆಂಚ್ ಮಾಧ್ಯಮದ ಪದವಿಗೆ ಸಾಮಾನ್ಯವಾಗಿ ಕೇಳುವುದು ಬಿ2 ಮಟ್ಟವನ್ನು. ಅಲ್ಲಿ ಶಾಲೆಯ ಅಂಕಪಟ್ಟಿಯೊಂದೇ ಸಾಲದು.

ಮಿತಿಗಳು

ತ್ವರಿತ ಕಲಿಕೆಯನ್ನು ಹೆಚ್ಚುವರಿ ಮನೆಕೆಲಸವೆಂದು ತಿಳಿದರೆ ಅದರ ಉದ್ದೇಶ ಕೆಡುತ್ತದೆ. ಶಾಲೆಯಲ್ಲಿ ಎ1 ಪಾಠ ಕೇಳುತ್ತ ಸಂಜೆ ಬಿ1 ಅಭ್ಯಾಸ ಮಾಡುವ ವಿದ್ಯಾರ್ಥಿಗೆ ಹೊರೆ ಹೆಚ್ಚುತ್ತದೆಯೇ ಹೊರತು ಸಮಯ ಉಳಿಯುವುದಿಲ್ಲ. ಕಲಿತದ್ದನ್ನು ಶಾಲೆಯೂ ಮಾನ್ಯಮಾಡಿ ಮುಂದಿನ ಹಂತದ ಪಾಠ ನೀಡಿದಾಗ ಮಾತ್ರ ಅದು ನಿಜವಾದ ವೇಗವರ್ಧನೆ ಎನಿಸುತ್ತದೆ. ಅವಕಾಶದ ಅಸಮಾನತೆ ಇನ್ನೊಂದು ಮಿತಿ. ಇವೇ ಬಡಾವಣೆಗಳ ಸರ್ಕಾರಿ ಹಾಗೂ ಅನುದಾನಿತ ಪ್ರೌಢಶಾಲೆಗಳಲ್ಲಿ ಎಸ್‌ಎಸ್‌ಎಲ್‌ಸಿ ಓದುವ ಪ್ರತಿಭಾವಂತರಿಗೆ ಫ್ರೆಂಚ್ ಪರೀಕ್ಷಾ ವಿಷಯವಾಗಿ ಲಭ್ಯವಿಲ್ಲ. ಶುಲ್ಕ ಕೊಟ್ಟು ಹೊರಗೆ ಕಲಿಯುವುದೇ ಅವರಿಗಿರುವ ಮುಖ್ಯ ದಾರಿ.