ಮದ್ಯವ್ಯಸನ ವಿಮುಕ್ತಿಯ ನೆರವು ಸಭೆಗಳು

ಮದ್ಯವ್ಯಸನ ವಿಮುಕ್ತಿಯ ನೆರವು ಸಭೆಗಳು ಎಂದರೆ ಕುಡಿತ ಬಿಟ್ಟವರು ಮತ್ತು ಬಿಡಲು ಬಯಸುವವರು ನಿಯತವಾಗಿ ಒಂದೆಡೆ ಸೇರಿ, ತಮ್ಮ ಅನುಭವಗಳನ್ನು ಹಂಚಿಕೊಂಡು ಪರಸ್ಪರ ಆಸರೆಯಾಗುವ ಕೂಟಗಳು. ಇವು ವೈದ್ಯಕೀಯ ಚಿಕಿತ್ಸೆಗೆ ಪರ್ಯಾಯವಲ್ಲ. ನಿಂತ ಕುಡಿತ ಮರುಕಳಿಸದಂತೆ ನೋಡಿಕೊಳ್ಳುವುದು ಇವುಗಳ ಮುಖ್ಯ ಉದ್ದೇಶ. ಕರ್ನಾಟಕದಲ್ಲಿ ಆಲ್ಕೋಹಾಲಿಕ್ಸ್ ಅನಾನಿಮಸ್ (ಎ.ಎ.) ಬಳಗಗಳೂ ನವಜೀವನ ಸಮಿತಿಗಳೂ ಇಂತಹ ಸಭೆಗಳನ್ನು ನಡೆಸುತ್ತವೆ.

ಹಿನ್ನೆಲೆ

1935ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ನಗರದಲ್ಲಿ ಬಿಲ್ ವಿಲ್ಸನ್ ಮತ್ತು ವೈದ್ಯ ಬಾಬ್ ಸ್ಮಿತ್ ಎ.ಎ.ಯನ್ನು ಆರಂಭಿಸಿದರು. ಇಬ್ಬರೂ ಮದ್ಯವ್ಯಸನಿಗಳಾಗಿದ್ದವರು. ಭಾರತದಲ್ಲಿ ಇದು 1957ರಲ್ಲಿ ದೆಹಲಿಯಲ್ಲಿ ಮೊದಲಾಯಿತು.

ಕರ್ನಾಟಕದಲ್ಲಿ ಮದ್ಯವರ್ಜನೆಗೆ ಬೇರೆ ಪರಂಪರೆಯೂ ಇದೆ. ಇಳಕಲ್ಲಿನ ಮಹಾಂತ ಸ್ವಾಮೀಜಿಯವರು ಜೋಳಿಗೆ ಹಿಡಿದು ಊರೂರು ಸುತ್ತಿ, ಜನರಿಂದ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ ಜನಜಾಗೃತಿ ವೇದಿಕೆಯು ಊರುಗಳಲ್ಲಿ ವಾರದಷ್ಟು ಕಾಲದ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತದೆ. ಶಿಬಿರ ಮುಗಿಸಿದವರು ನವಜೀವನ ಸಮಿತಿಯ ಸದಸ್ಯರಾಗಿ ಮುಂದೆಯೂ ಸಭೆ ಸೇರುತ್ತಾರೆ.

ಹರಕೆ, ಚಿಕಿತ್ಸೆ ಮತ್ತು ಸಭೆ

ದಾವಣಗೆರೆ ಜಿಲ್ಲೆಯ ಹರಿಹರ ತಾಲ್ಲೂಕಿನಲ್ಲಿ, ತುಂಗಭದ್ರಾ ನದಿಯ ದಂಡೆಯ ಮೇಲಿರುವ ಉಕ್ಕಡಗಾತ್ರಿಯು ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಯಿಂದ ಪ್ರಸಿದ್ಧವಾಗಿದೆ. ಗಾಳಿ-ದೆವ್ವದ ಕಾಟವೆಂದು ನಂಬಲಾದ ತೊಂದರೆಗಳ ಹಾಗೂ ಮಾನಸಿಕ ಕಾಯಿಲೆಗಳ ನಿವಾರಣೆಗಾಗಿ ಅನೇಕ ಕುಟುಂಬಗಳು ಇಲ್ಲಿಗೆ ಬರುತ್ತವೆ. ಅಮಾವಾಸ್ಯೆಯಂದು ಜನಸಂದಣಿ ಹೆಚ್ಚು.

ಮದ್ಯವ್ಯಸನದ ಸಂದರ್ಭದಲ್ಲಿ ಈ ನಂಬಿಕೆಗೆ ಸಂಬಂಧಿಸಿದ ಒಂದು ವೈದ್ಯಕೀಯ ಸಂಗತಿ ಮುಖ್ಯವಾದುದು. ಹಲವು ವರ್ಷ ಪ್ರತಿದಿನ ಕುಡಿಯುತ್ತಿದ್ದವರು ಹಠಾತ್ತನೆ ನಿಲ್ಲಿಸಿದರೆ ಕೈನಡುಕ, ನಿದ್ರಾಹೀನತೆ ಮತ್ತು ಫಿಟ್ಸ್ ಕಾಣಿಸಿಕೊಳ್ಳಬಹುದು. ಕೆಲವರಲ್ಲಿ ಎರಡರಿಂದ ನಾಲ್ಕು ದಿನಗಳೊಳಗೆ ಸನ್ನಿ ಹಿಡಿದು, ಇಲ್ಲದ ಆಕೃತಿಗಳು ಕಾಣುತ್ತವೆ, ಇಲ್ಲದ ದನಿಗಳು ಕೇಳುತ್ತವೆ. ಇದನ್ನು ದೆವ್ವದ ಕಾಟವೆಂದು ಭಾವಿಸಿ ಆಸ್ಪತ್ರೆಗೆ ಒಯ್ಯಲು ತಡಮಾಡಿದರೆ ಪ್ರಾಣಾಪಾಯವಾಗಬಹುದು. ಆದ್ದರಿಂದ ಹರಕೆ ಹೊತ್ತು ಬಿಡುವವರಿಗೂ ಶಿಬಿರ ಸೇರುವವರಿಗೂ ಮೊದಲು ವೈದ್ಯರ ತಪಾಸಣೆ ಅಗತ್ಯ. ವೈದ್ಯರು ಔಷಧ ಹಾಗೂ ಥಯಾಮಿನ್ ಜೀವಸತ್ವ ನೀಡಿ ಈ ದಿನಗಳನ್ನು ಸುರಕ್ಷಿತವಾಗಿ ದಾಟಿಸುತ್ತಾರೆ. ದೇಹ ಚೇತರಿಸಿಕೊಂಡ ನಂತರದ ತಿಂಗಳುಗಳಲ್ಲಿ ಸಭೆಯ ಪಾತ್ರ ಹಿರಿದಾಗುತ್ತದೆ.

ಸಭೆಯನ್ನು ಹುಡುಕುವ ಬಗೆ

ಎ.ಎ. ಸಭೆಗಳು ಸಾಮಾನ್ಯವಾಗಿ ಚರ್ಚ್, ಶಾಲೆ, ಆಸ್ಪತ್ರೆ ಅಥವಾ ಸಮುದಾಯ ಭವನಗಳ ಕೊಠಡಿಗಳಲ್ಲಿ ನಿಗದಿತ ವಾರ ಮತ್ತು ವೇಳೆಗೆ ನಡೆಯುತ್ತವೆ. ಸ್ಥಳ, ಸಮಯ ಬದಲಾಗುವುದುಂಟು. ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಒಳ್ಳೆಯದು. ಹಳ್ಳಿಯಲ್ಲಿ ಸಭೆ ಇಲ್ಲದಿದ್ದರೆ ಸಮೀಪದ ನಗರದಲ್ಲಿ ವಿಚಾರಿಸಬಹುದು. ಉಕ್ಕಡಗಾತ್ರಿಯ ಭಾಗದವರಿಗೆ ಹರಿಹರ, ದಾವಣಗೆರೆ ಮತ್ತು ರಾಣೆಬೆನ್ನೂರು ಅಂತಹ ನಗರಗಳು. ಮಾಹಿತಿ ಪಡೆಯಲು ಇರುವ ಇತರ ದಾರಿಗಳು:

• 14446: ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ.
• 14416: 2022ರಲ್ಲಿ ಆರಂಭವಾದ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲಿಯೂ ಲಭ್ಯ.
• ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗ. ದಾವಣಗೆರೆಯಲ್ಲಿ ಚಿಗಟೇರಿ ಆಸ್ಪತ್ರೆ.
• ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ನಡೆಯುವ ಮನೋವೈದ್ಯರ ಚಿಕಿತ್ಸಾಲಯ.
• ಗ್ರಾಮಾಭಿವೃದ್ಧಿ ಯೋಜನೆಯ ತಾಲ್ಲೂಕು ಕಚೇರಿ. ನವಜೀವನ ಸಮಿತಿಗಳ ವಿವರಕ್ಕಾಗಿ.

ಸಭೆಯ ಕ್ರಮ

ಎ.ಎ. ಸದಸ್ಯತ್ವಕ್ಕೆ ಬೇಕಾದುದು ಕುಡಿತ ಬಿಡುವ ಇಚ್ಛೆಯೊಂದೇ. ಶುಲ್ಕವಿಲ್ಲ, ಸದಸ್ಯರು ಸ್ವಇಚ್ಛೆಯಿಂದ ಕೊಡುವ ಹಣದಿಂದ ಖರ್ಚು ನಡೆಯುತ್ತದೆ. ‘ಮುಕ್ತ’ ಸಭೆಗೆ ಯಾರು ಬೇಕಾದರೂ ಬರಬಹುದು. ‘ಆಂತರಿಕ’ ಸಭೆ ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ. ಒಬ್ಬರು ಮಾತನಾಡುವಾಗ ಉಳಿದವರು ಕೇಳುತ್ತಾರೆ. ನಡುವೆ ಪ್ರಶ್ನಿಸುವ, ಉಪದೇಶಿಸುವ ರೂಢಿಯಿಲ್ಲ. ಹೊಸಬರು ಮೌನವಾಗಿ ಕುಳಿತಿರಬಹುದು. ಹಳೆಯ ಸದಸ್ಯರೊಬ್ಬರು ‘ಸ್ಪಾನ್ಸರ್’ ಆಗಿ, ಕುಡಿಯುವ ತವಕ ಹುಟ್ಟಿದ ಹೊತ್ತಿನಲ್ಲಿ ಮಾತಿಗೆ ಸಿಗುತ್ತಾರೆ. ಜೀವಮಾನದ ಶಪಥಕ್ಕಿಂತ ‘ಇಂದು ಒಂದು ದಿನ ಕುಡಿಯುವುದಿಲ್ಲ’ ಎಂಬ ಸಂಕಲ್ಪಕ್ಕೆ ಇಲ್ಲಿ ಒತ್ತು.

ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಊರುಗಳಲ್ಲಿ ಸಭೆಗೆ ಹೋಗಲು ದೊಡ್ಡ ಅಡ್ಡಿಯೆಂದರೆ ನಾಚಿಕೆ. ಇದಕ್ಕಾಗಿ ಎ.ಎ. ಸದಸ್ಯರು ಪರಸ್ಪರರ ಗುರುತನ್ನೂ ಸಭೆಯಲ್ಲಿ ಕೇಳಿದ ಮಾತನ್ನೂ ಹೊರಗೆ ಹೇಳುವುದಿಲ್ಲ. ಊರಿನ ಸಭೆಗೆ ಹಿಂಜರಿಯುವವರು ಬೇರೆ ಊರಿನ ಅಥವಾ ಆನ್‌ಲೈನ್ ಸಭೆಯನ್ನು ಆಯ್ದುಕೊಳ್ಳಬಹುದು. ನವಜೀವನ ಸಮಿತಿಯ ರೀತಿ ಬೇರೆ: ಶಿಬಿರದ ವಿಷಯ ಊರಿಗೆಲ್ಲ ತಿಳಿದಿರುತ್ತದೆ, ಕುಟುಂಬವೂ ಪಾಲ್ಗೊಳ್ಳುತ್ತದೆ; ಊರಿನವರ ಮುಂದೆ ಕೊಟ್ಟ ಮಾತೇ ಅಲ್ಲಿ ಬಲ.

ಕುಟುಂಬದವರು

ವ್ಯಸನಿಗಳ ಮನೆಯವರಿಗಾಗಿ 1951ರಲ್ಲಿ ಅಲ್-ಅನಾನ್ ಎಂಬ ಪ್ರತ್ಯೇಕ ಬಳಗ ಆರಂಭವಾಯಿತು. ಕುಡಿಯುವವರು ಇನ್ನೂ ಚಿಕಿತ್ಸೆಗೆ ಒಪ್ಪದಿದ್ದರೂ ಪತ್ನಿ, ತಾಯಿ, ಮಕ್ಕಳು ಇದಕ್ಕೆ ಹೋಗಬಹುದು.

ಪರಿಣಾಮ ಮತ್ತು ಮಿತಿಗಳು

ಕೊಕ್ರೇನ್ ಸಂಸ್ಥೆ 2020ರಲ್ಲಿ ಪ್ರಕಟಿಸಿದ ವಿಮರ್ಶೆಯು 27 ಅಧ್ಯಯನಗಳನ್ನು ಪರಿಶೀಲಿಸಿತು. ಸತತವಾಗಿ ಮದ್ಯದಿಂದ ದೂರವಿರಲು, ಎ.ಎ. ಸಭೆಗಳಿಗೆ ಸೇರಿಸುವ ವ್ಯವಸ್ಥಿತ ಚಿಕಿತ್ಸೆಯು ಇತರ ಮನೋಚಿಕಿತ್ಸೆಗಳಿಗಿಂತ ಹೆಚ್ಚು ನೆರವಾಗುತ್ತದೆ ಎಂದು ಅದು ಕಂಡುಕೊಂಡಿತು. ಆದರೆ ಎ.ಎ.ಯ ಹನ್ನೆರಡು ಹೆಜ್ಜೆಗಳಲ್ಲಿ ಬರುವ ದೈವದ ಪ್ರಸ್ತಾಪ ಎಲ್ಲರಿಗೂ ಒಪ್ಪಿಗೆಯಾಗುವುದಿಲ್ಲ. ಅದನ್ನು ತಮ್ಮ ತಿಳಿವಳಿಕೆಯಂತೆ ಅರ್ಥೈಸಿಕೊಳ್ಳಲು ಸದಸ್ಯರಿಗೆ ಸ್ವಾತಂತ್ರ್ಯವಿದೆ. ನೆರವು ತಲುಪದಿರುವುದು ಇನ್ನೂ ದೊಡ್ಡ ಕೊರತೆ: ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಭಾರತದಲ್ಲಿ ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿತ್ತು. ಸಭೆಗೆ ಹೋಗುತ್ತಿದ್ದವರು ಮತ್ತೆ ಕುಡಿದರೂ ಅವರ ಸದಸ್ಯತ್ವ ರದ್ದಾಗುವುದಿಲ್ಲ. ಮುಂದಿನ ಸಭೆಗೆ ಅವರು ಮರಳಿ ಬರಬಹುದು.