ಶಪಥ ಬೇಡ, ಆಟ ಕಟ್ಟಿ ನೋಡಿ

ವರ್ಷದ ಮೊದಲ ವಾರ ಬಂತೆಂದರೆ ನನ್ನ ದವಾಖಾನೆಯಲ್ಲಿ ಶಪಥಗಳ ಸುಗ್ಗಿ. ಬೀಡಿ ಬಿಡುವವರು, ಸಕ್ಕರೆ ಹಾಕಿದ ಚಹಾ ಬಿಡುವವರು, ನಸುಕಿನಲ್ಲಿ ಎದ್ದು ಮೂರು ಮೈಲಿ ನಡೆಯುವವರು. ಫೆಬ್ರವರಿ ಬರುವಷ್ಟರಲ್ಲಿ ಇವರಲ್ಲಿ ಅನೇಕರ ಮುಖ ಕಾಣುವುದೇ ಇಲ್ಲ.

ಅಂಥವರಲ್ಲಿ ಒಬ್ಬರನ್ನು ನಾನು ಮರೆಯಲಾರೆ. ಶಹಾಬಾದ ಕಡೆಯ ಕಲ್ಲುಗಣಿಯಲ್ಲಿ ದುಡಿದವರು, ಐವತ್ತರ ಪ್ರಾಯ, ಸಕ್ಕರೆ ಕಾಯಿಲೆಯ ಜೊತೆಗೆ ರಕ್ತದೊತ್ತಡ. ‘ಒಂದು ದಿನವೂ ತಪ್ಪಬಾರದು ನೋಡ್ರಿ’ ಎಂದು ನಾನೇ ಗದರಿಸಿ ಹೇಳಿದ್ದೆ. ಅವರು ಮನೆದೇವರ ಮುಂದೆ ಆಣೆ ಮಾಡಿದರು. ಹನ್ನೊಂದು ದಿನ ನಡೆದರು, ಪಥ್ಯ ಹಿಡಿದರು. ಹನ್ನೆರಡನೆಯ ದಿನ ಬೀಗರ ಮನೆಯಲ್ಲಿ ಮದುವೆ. ಹೋಳಿಗೆ ತಿಂದರು. ಮರುದಿನದಿಂದ ನಡಿಗೆ ನಿಂತಿತು, ಪಥ್ಯ ಹೋಯಿತು, ಕೊನೆಗೆ ಗುಳಿಗೆಯೂ ನಿಂತಿತು. ನಾಲ್ಕು ತಿಂಗಳ ಮೇಲೆ ಕಾಲಿನಲ್ಲಿ ಹುಣ್ಣು ಮಾಡಿಕೊಂಡು ಬಂದರು.

‘ಆಣಿ ಮುರದ್‌ಹೋತ್ರಿ ಸಾಹೇಬ್ರ. ಯಾವ ಮುಖ ಇಟ್ಕೊಂಡು ಬರ್ಲಿ ಅಂತ ಬರ್ಲಿಲ್ರಿ’ ಎಂದರು.

ಅವರ ಒಂದು ಬೆರಳು ಉಳಿಯಲಿಲ್ಲ. ಒಂದು ದಿನದ ಹೋಳಿಗೆಯಿಂದ ಕಾಲು ಕೆಡುವುದಿಲ್ಲ. ನಾಚಿಕೆಯಿಂದ ನಾಲ್ಕು ತಿಂಗಳು ಔಷಧ ಬಿಟ್ಟದ್ದರಿಂದ ಕೆಟ್ಟಿತು. ಆ ನಾಚಿಕೆಯಲ್ಲಿ ನನ್ನ ಗದರಿಕೆಯ ಪಾಲೂ ಇತ್ತು. ಅಂದಿನಿಂದ ನಾನು ರೋಗಿಗಳಿಂದ ಶಪಥ ಮಾಡಿಸುವುದನ್ನು ಬಿಟ್ಟಿದ್ದೇನೆ.

ಶಪಥ ಏಕೆ ಮುರಿಯುತ್ತದೆ?

ಶಪಥಕ್ಕೆ ಎರಡೇ ಗತಿ: ಉಳಿಯಬೇಕು, ಇಲ್ಲವೇ ಮುರಿಯಬೇಕು. ಒಮ್ಮೆ ಮುರಿಯಿತೆಂದರೆ ‘ಇನ್ನೇನು, ಕೆಟ್ಟದ್ದು ಕೆಟ್ಟಿತು’ ಎಂದು ಮನಸ್ಸು ಕೈಚೆಲ್ಲುತ್ತದೆ. ಆಟದಲ್ಲಿ ಹಾಗಿಲ್ಲ. ಕಬಡ್ಡಿಯಲ್ಲಿ ಔಟಾದ ಹುಡುಗ ಮನೆಗೆ ಹೋಗುವುದಿಲ್ಲ. ಗೆರೆಯ ಹೊರಗೆ ಕುಳಿತು ತನ್ನ ಸರದಿಗೆ ಕಾಯುತ್ತಾನೆ.

ಇದಕ್ಕೆ ಅಧ್ಯಯನಗಳ ಆಧಾರವೂ ಇದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ 96 ಜನರ ಮೇಲೆ ನಡೆದ ಅಧ್ಯಯನವೊಂದರಲ್ಲಿ, ಹೊಸ ರೂಢಿ ಮೈಗೂಡಲು ಒಬ್ಬೊಬ್ಬರಿಗೆ 18 ದಿನದಿಂದ 254 ದಿನಗಳವರೆಗೆ ಬೇಕಾಗಬಹುದೆಂದು ಕಂಡಿತು. ಮಧ್ಯಮ ಲೆಕ್ಕ 66 ದಿನ. ನಡುವೆ ಒಂದು ದಿನ ತಪ್ಪಿದರೆ ರೂಢಿಗೆ ಹೇಳಿಕೊಳ್ಳುವಂಥ ಧಕ್ಕೆಯಾಗಲಿಲ್ಲ. 2017ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ 94 ಕುಟುಂಬಗಳ 200 ಜನರಿದ್ದರು. ಅಂಕ, ಹಂತಗಳಿರುವ ಆಟದಂತೆ ಮನೆಮಂದಿ ಕೂಡಿ ನಡೆದ ಗುಂಪು, 12 ವಾರಗಳ ಅವಧಿಯಲ್ಲಿ, ಆಟವಿಲ್ಲದೆ ನಡೆದ ಗುಂಪಿಗಿಂತ ದಿನಕ್ಕೆ ಸುಮಾರು ಸಾವಿರ ಹೆಜ್ಜೆ ಹೆಚ್ಚು ಏರಿಕೆ ಕಂಡಿತು.

ಅಷ್ಟು ದೂರ ಏಕೆ, ನಮ್ಮ ಎಳ್ಳಮಾವಾಸ್ಯೆಯನ್ನೇ ನೋಡಿ. ಬುತ್ತಿಯ ಗಂಟು ಹೊತ್ತು ಹೊಲಕ್ಕೆ ನಡೆಯುತ್ತೇವೆ. ಚರಗ ಚೆಲ್ಲಲು ಹೊಲ ಸುತ್ತುತ್ತೇವೆ, ಮಕ್ಕಳ ಹಿಂದೆ ಓಡುತ್ತೇವೆ. ಸಂಜೆ ಲೆಕ್ಕ ಹಾಕಿದರೆ ಮೂರು ನಾಲ್ಕು ಮೈಲಿ ಆಗಿರುತ್ತದೆ. ‘ಇವತ್ತು ವ್ಯಾಯಾಮ ಮಾಡಿದೆ’ ಎಂದು ಅಂದು ಯಾರೂ ನಿಟ್ಟುಸಿರು ಬಿಡುವುದಿಲ್ಲ.

ಗೋಡೆಯ ಮೇಲಿನ ರೈಲು

ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಇದನ್ನು ಆಟ ಮಾಡುವುದು ಹೇಗೆ? ಒಂದು ಹಾಳೆಯಲ್ಲಿ ವಾಡಿಯಿಂದ ಹೊರಡುವ ರೈಲುದಾರಿ ಬರೆಯಿರಿ: ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು. ಸಣ್ಣ ನಿಲ್ದಾಣಗಳನ್ನು ಬಿಟ್ಟುಬಿಡಿ. ಎರಡು ನಿಲ್ದಾಣಗಳ ನಡುವೆ 15 ಚೌಕ ಹಾಕಿ. ಹತ್ತು ನಿಮಿಷ ನಡೆದರೆ ಒಂದು ಚೌಕಕ್ಕೆ ಬಣ್ಣ. ಹದಿನೈದು ಚೌಕ ತುಂಬಿದರೆ 150 ನಿಮಿಷ, ಮುಂದಿನ ನಿಲ್ದಾಣ ಬಂತು! ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಬಣ್ಣ ತುಂಬುವ ಅಧಿಕಾರ ಮಕ್ಕಳದು. ಒಂದು ದಿನ ತಪ್ಪಿದರೆ ರೈಲು ಸಿಗ್ನಲ್‌ಗೆ ನಿಂತಿದೆ ಎಂದುಕೊಳ್ಳಿ. ತಡವಾದ ರೈಲು ರದ್ದಾದ ರೈಲಲ್ಲ.

ಊರು ಮುಟ್ಟಿದ್ದಕ್ಕೆ ಬಹುಮಾನ ಬೇಕಲ್ಲವೇ? ಜಿಲೇಬಿ ಬೇಡ, ದುಡ್ಡೂ ಬೇಡ. ದುಡ್ಡು ಸಿಗುವವರೆಗೆ ಮಾತ್ರ ಹುರುಪು ಉಳಿಯುವ ಭಯವಿದೆ. ಮನೆಮಂದಿಯೆಲ್ಲ ಕೂಡಿ ಒಂದು ರವಿವಾರ ಕಾಗಿಣಾ ದಂಡೆಯ ಮಳಖೇಡಕ್ಕೆ ಹೋಗಿ ರಾಷ್ಟ್ರಕೂಟರ ರಾಜಧಾನಿಯ ಕೋಟೆ ಸುತ್ತಿ ಬನ್ನಿ. ಚಿತ್ತಾಪುರದವರಿಗೆ ಹತ್ತಿರದಲ್ಲೇ ನಾಗಾವಿಯಿದೆ, ಭೀಮಾ ತೀರದಲ್ಲಿ ಸನ್ನತಿಯಿದೆ. ಚಿಂಚೋಳಿ ಕಡೆಯವರಿಗೆ ಚಂದ್ರಂಪಳ್ಳಿ ಜಲಾಶಯವೂ 2011ರಲ್ಲಿ ವನ್ಯಜೀವಿಧಾಮವಾದ ಕಾಡೂ ಇವೆ.

ಅಡುಗೆಮನೆಯಲ್ಲೂ ಆಟವಿದೆ. ದೊಡ್ಡವರಿಗೆ ದಿನಕ್ಕೆ ಐದು ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಉಪ್ಪು ಸಾಕು. ಒಂದು ವಾರ ಪಲ್ಯಕ್ಕೆ ತುಸು ಉಪ್ಪು ಕಡಿಮೆ ಹಾಕಿ, ಯಾವ ದಿನ ಕಡಿಮೆಯಿತ್ತೆಂದು ಊಟದ ಕೊನೆಗೆ ಕೇಳಿ. ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ ಇದ್ದಲ್ಲಿ ಉಪ್ಪಿನಕಾಯಿಯನ್ನು ಯಾರು ಮರೆಯುತ್ತಾರೆ ನೋಡಿ.

ಆಟಕ್ಕೂ ನಿಯಮವುಂಟು

* ಗುಳಿಗೆ, ಇನ್ಸುಲಿನ್ ಆಟದ ವಸ್ತುಗಳಲ್ಲ. ಎಷ್ಟೇ ನಡೆದರೂ ವೈದ್ಯರನ್ನು ಕೇಳದೆ ಅವನ್ನು ಬಿಡಬಾರದು, ಕಡಿಮೆ ಮಾಡಬಾರದು.
* ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ನಡೆಯಬಾರದು, ಹೊಲದಲ್ಲಿ ಕೂಡ. ರಾತ್ರಿ ಅಂಗಾಲು, ಬೆರಳ ಸಂದು ನೋಡಿಕೊಳ್ಳಬೇಕು. ನಡೆಯುವಾಗ ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ತಕ್ಷಣ ಸಕ್ಕರೆ ಬಾಯಿಗೆ ಹಾಕಿಕೊಳ್ಳಬೇಕು.
* ಎದೆನೋವು, ವಿಪರೀತ ಏದುಸಿರು ಬಂದರೆ ಅಲ್ಲೇ ನಿಲ್ಲಿ, ತಡಮಾಡದೆ ಆಸ್ಪತ್ರೆಗೆ ಹೋಗಿ.
* ನಮ್ಮ ಬೇಸಿಗೆಯಲ್ಲಿ ಬಿಸಿಲೇರುವ ಮುನ್ನವೇ ನಡಿಗೆ ಮುಗಿಸಿ. ಕಲ್ಲು, ಸಿಮೆಂಟು ಹೊತ್ತ ಲಾರಿಗಳು ಓಡಾಡುವ ಧೂಳಿನ ರಸ್ತೆ ಬಿಟ್ಟು ಶಾಲೆಯ ಮೈದಾನ, ಹೊಲದ ದಾರಿ ಹಿಡಿಯಿರಿ.
* ನಿತ್ಯ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸುವ ಸಾಹಸ ಮಾಡಬಾರದು. ಅದರಿಂದ ಪ್ರಾಣಾಪಾಯವಾಗಬಹುದು. ವೈದ್ಯರ ನೆರವಿನಲ್ಲೇ ಬಿಡಬೇಕು.
* ಆಟ ತಪ್ಪಿದವರನ್ನು ಮನೆಯಲ್ಲಿ ಯಾರೂ ಹಂಗಿಸಬಾರದು.

ಕೊನೆಯ ನಿಯಮವೇ ಎಲ್ಲಕ್ಕಿಂತ ದೊಡ್ಡದು. ನಡೆಯುವುದು ತಪ್ಪಿದರೂ ದವಾಖಾನೆಗೆ ಬರುವುದು ತಪ್ಪಿಸಬೇಡಿ.

ನಾನು ಮೊದಲು ಹೇಳಿದ ಆ ಹಿರಿಯರು ಗಾಯ ಪೂರ್ತಿ ಮಾಯ್ದ ಮೇಲೆ ಹದವಾದ ಚಪ್ಪಲಿ ಹಾಕಿಕೊಂಡು, ಮೊದಲು ಐದೇ ನಿಮಿಷ, ಮತ್ತೆ ನಡೆಯತೊಡಗಿದರು. ಮೊಮ್ಮಗಳು ಬಣ್ಣ ತುಂಬುತ್ತಾಳೆ. ಕಳೆದ ತಿಂಗಳು ಬಂದಾಗ ಕೇಳಿದೆ, ‘ಎಲ್ಲೀತನ ಬಂತ್ರಿ ರೈಲು?’

‘ಸೇಡಂದಾಗ ಎಂಟ್ ದಿನ ನಿಂತಿತ್ರಿ ಸಾಹೇಬ್ರ, ಜ್ವರ ಬಂದಿದ್ವು. ಈಗ ಮತ್ತ ಹೊಂಟದ್ರಿ’ ಎಂದು ನಕ್ಕರು. ಗುಳಿಗೆ ಮಾತ್ರ ಒಂದು ದಿನವೂ ಬಿಟ್ಟಿರಲಿಲ್ಲ.